ಮೂರನೆಯ ಬಾಯಿ

ನಮ್ಮ ಭಾವ ಮಾಡಿದ ಸ್ಟೂಲು ಇಲ್ಲದ ಮನೆ ನಮ್ಮ ಬಳಗದಲ್ಲಿ ಇಲ್ಲ. ಅದರ ಮೇಲೆ ಧೈರ್ಯವಾಗಿ ಕೂರುವವರು ಮಾತ್ರ ಯಾರೂ ಇಲ್ಲ. ನಾಲ್ಕು ಕಾಲಿದ್ದರೂ ಅದು ನಿಲ್ಲುವುದು ಮೂರರ ಮೇಲೆ; ನಾಲ್ಕನೆಯದು ಮನಸ್ಸು ಬಂದಾಗ ನೆಲ ಮುಟ್ಟುತ್ತದೆ. ನನ್ನ ಕನ್ನಡಕದ ಅಂಗಡಿಯಲ್ಲೂ ಒಂದಿದೆ. ಏನೂ ಕೊಳ್ಳದೆ ಹರಟೆ ಹೊಡೆಯಲೆಂದೇ ಬರುವವರನ್ನು ನಾನು ಅದರ ಮೇಲೆ ಕೂರಿಸುತ್ತೇನೆ, ಬೇಗ ಎದ್ದು ಹೋಗುತ್ತಾರೆ. ಅಷ್ಟರಮಟ್ಟಿಗೆ ಭಾವನ ಕೈಕೆಲಸದಿಂದ ನನಗೆ ಉಪಕಾರವಾಗಿದೆ.

ಭಾವ ಮೊದಲಿಂದ ಬಡಗಿಯೇನಲ್ಲ. ದುಡಿಯುವಷ್ಟು ಕಾಲ ಚಿತ್ರಮಂದಿರದಲ್ಲಿ ಸಿನಿಮಾ ಬಿಡುವ ಆಪರೇಟರ್ ಆಗಿದ್ದರು. ಬಾಲ್ಕನಿಯ ಹಿಂದಿನ ಗೂಡಿನಂಥ ಕೋಣೆ, ಕರಕರ ಸದ್ದಿನ ಪ್ರೊಜೆಕ್ಟರು, ಪಕ್ಕದಲ್ಲಿ ಇವರೊಬ್ಬರೇ. ಮ್ಯಾಟಿನಿಗೆ ಮನೆ ಬಿಟ್ಟರೆ ಸೆಕೆಂಡ್ ಶೋ ಮುಗಿಸಿಯೇ ಬರುವುದು. ಅವರು ಬರುವಾಗ ನಮ್ಮಕ್ಕ ಮಲಗಿರುತ್ತಿದ್ದಳು. ಅವಳು ಏಳುವಾಗ ಅವರು ಗೊರಕೆ ಹೊಡೆಯುತ್ತಿದ್ದರು. ಗಂಡ ಹೆಂಡತಿ ಹೀಗೆ ಒಂದೇ ಮನೆಯಲ್ಲಿ ಪಾಳಿಯ ಮೇಲೆ ಸಂಸಾರ ಮಾಡಿದರು. ನೆಟ್ಟಗೆ ಜಗಳವಾಡಲೂ ಪುರುಸೊತ್ತು ಸಿಗಲಿಲ್ಲ, ಪಾಪ.

ಆಮೇಲೆ ಚಿತ್ರಮಂದಿರ ಮುಚ್ಚಿತು, ಭಾವ ಮನೆಗೆ ಬಂದು ಕೂತರು. ಅಷ್ಟು ವರ್ಷ ಆ ಗೂಡಿನಲ್ಲಿ ನುಂಗಿಕೊಂಡ ಮಾತೆಲ್ಲ ಒಟ್ಟಿಗೆ ಆಚೆ ಬಂತು. ಸೋರುವ ನಲ್ಲಿ, ಪಕ್ಕದ ಮನೆಯ ಬೆಕ್ಕು, ಪೇಪರಿನವನು ಪೇಪರ್ ಎಸೆಯುವ ರೀತಿ, ಎಲ್ಲದರ ಬಗ್ಗೆಯೂ ಅವರಿಗೊಂದು ಅಭಿಪ್ರಾಯವಿತ್ತು. ಅದನ್ನು ಕೇಳಿಸಿಕೊಳ್ಳಲು ಅಕ್ಕನ ಕಿವಿಯೇ ಆಗಬೇಕಿತ್ತು. ಬೇರೆ ಕಿವಿಗಳು ಇವರನ್ನು ಕಂಡರೆ ಬೀದಿಯ ಆಚೆ ಬದಿಗೆ ದಾಟುತ್ತಿದ್ದವು. ನನ್ನವೂ ಅದರಲ್ಲಿ ಸೇರಿದ್ದವು.

ಅಕ್ಕ ದರ್ಜಿ. ಅದರಲ್ಲೂ ವಕೀಲರ ಕರಿಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ: ಒಂದು ಉದ್ದನೆಯ ಮೇಜು, ಹೊಲಿಗೆ ಯಂತ್ರ, ಗೋಡೆಗೆ ನೇತುಹಾಕಿದ ತೋಳಿಲ್ಲದ ಕೋಟುಗಳು, ಅವಳ ಕುತ್ತಿಗೆಯಲ್ಲಿ ಸದಾ ಅಳತೆ ಟೇಪು. ಒಂದು ದಿನ ಬೇಸತ್ತು ಅವಳೇ ಹೇಳಿದಳು, “ರೀ, ಕೈಗೊಂದು ಕೆಲಸ ಹಚ್ಕೊಳ್ಳಿ. ನನ್ನ ತಲೆ ತಿನ್ಬೇಡಿ.” ಆ ಮಾತನ್ನು ಭಾವ ಶಿರಸಾವಹಿಸಿ ಪಾಲಿಸಿದರು. ಮುಂದಿನ ಕೋಣೆಗೆ ಒತ್ತಿಕೊಂಡಿದ್ದ ಷೆಡ್ಡಿಗೆ ಗರಗಸದ ಮೇಜು ಬಂತು, ಹಲಗೆ ನಯ ಮಾಡುವ ಪ್ಲೇನರ್ ಬಂತು, ಹಳೆಯ ಕಿಟಕಿ ಬಾಗಿಲುಗಳ ಮರದ ರಾಶಿ ಬಂತು. ಇವೆಲ್ಲದರ ಹಿಂದೆಯೇ ಧೂಳು ಬಂತು.

ಮರದ ಧೂಳು ಎಂದರೆ ಬೀದಿಯ ಧೂಳಲ್ಲ. ಗುಡಿಸಿದರೆ ಏಳುತ್ತದೆ, ಒರೆಸಿದರೆ ಅಂಟುತ್ತದೆ, ಸುಮ್ಮನೆ ಬಿಟ್ಟರೆ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಬಂದು ಕೂರುತ್ತದೆ. ಬಿಳಿ ಅಂಗಿ ಹೊಲಿಯುವವಳಾಗಿದ್ದರೆ ಅಕ್ಕ ಹೇಗೋ ಸಹಿಸುತ್ತಿದ್ದಳೇನೋ. ಅವಳದು ಕರಿಬಟ್ಟೆ. ಹೊಸ ಕೋಟು ಹಾಕಿಕೊಂಡು ಹೋದ ದೊಡ್ಡ ಹೊಟ್ಟೆಯ ವಕೀಲರೊಬ್ಬರು ಅದೇ ಸಂಜೆ ಉರಿಯುತ್ತ ಬಂದರು.

“ಜಡ್ಜ್ ಏನ್ ಕೇಳಿದ್ರು ಗೊತ್ತೇನಮ್ಮ? ‘ವಕೀಲರೇ, ಹಿಟ್ಟಿನ ಗಿರಣಿಯಿಂದ ನೇರ ಇಲ್ಲಿಗೇ ಬಂದ್ರಾ’ ಅಂದ್ರು. ಕೋರ್ಟಿಗೆ ಕೋರ್ಟೇ ನಕ್ತು! ಎದುರು ಪಾರ್ಟಿ ವಕೀಲನೂ ನಕ್ಕ. ಅವನ ಕೋಟೂ ನೀವೇ ಹೊಲಿದಿದ್ದು. ಆದ್ರೆ ಅವನು ಮನೇಲಿ ಬ್ರಶ್ ಹಾಕ್ಕೊಂಡು ಬಂದಿದ್ದ.”

ಅಕ್ಕ ಕೂಗಾಡಲಿಲ್ಲ. ಅವಳು ಕೂಗಾಡುವಷ್ಟು ಹೊತ್ತು ಯಾರೂ ಹೆದರಬೇಕಿಲ್ಲ. ದನಿ ತಗ್ಗಿಸಿದರೆ ಮಾತ್ರ ನಾನೂ ಚಪ್ಪಲಿ ಹುಡುಕುತ್ತೇನೆ. ಅಂದು ಟೀ ಲೋಟ ಗಂಡನ ಮುಂದಿಟ್ಟು ಮೆಲ್ಲಗೆ ಹೇಳಿದಳಂತೆ, “ಬೀದಿ ತುದೀಲಿ ಔಷಧಿ ಅಂಗಡಿ ಮೇಲೆ ರೂಮು ಖಾಲಿ ಇದೆ. ಮುಂದಿನ ವಾರ ಕೀಲಿ ಕೊಡ್ತೀನಿ ಅಂದಿದಾರೆ. ಮಿಷನ್ನು ಅಲ್ಲಿಗೆ ಸಾಗಿಸ್ತೀನಿ. ಬೆಳಿಗ್ಗೆ ಹೋಗಿ ರಾತ್ರಿ ಬರ್ತೀನಿ. ನೀವು ಎಷ್ಟು ಬೇಕಾದ್ರೂ ಕೊಯ್ಕೊಳ್ಳಿ.”

ಮರುದಿನ ಭಾವ ನನ್ನ ಅಂಗಡಿಗೆ ಬಂದರು. ಬಂದವರೇ ತಾವೇ ಮಾಡಿದ ಸ್ಟೂಲಿನ ಮೇಲೆ ಕೂತರು. ಮನಸ್ಸು ಎಷ್ಟು ಕೆಟ್ಟಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

“ಒಳ್ಳೇದೇ ಆಯ್ತಲ್ಲ ಭಾವ,” ನಾನು ಉರಿಯುವ ಗಾಯಕ್ಕೆ ಉಪ್ಪು ಹಚ್ಚಿದೆ. “ಇಡೀ ಮನೆ ನಿಮ್ದೇ. ಹೇಳೋರಿಲ್ಲ, ಕೇಳೋರಿಲ್ಲ.”

“ಕೇಳೋರಿಲ್ಲ, ಅದೇ ಕಷ್ಟ,” ಎಂದರು ಭಾವ. ಸ್ಟೂಲು ವಾಲಿತು, ಅವರೂ ವಾಲಿದರು. “ಅಷ್ಟು ವರ್ಷ ಆ ಗೂಡಲ್ಲಿ ಒಬ್ನೇ ಕೂತು ಸಾಕಾಗಿದೆ ಕಣಪ್ಪ. ಈಗ ಅವಳೂ ಬೆಳಿಗ್ಗೆ ಹೋಗಿ ರಾತ್ರಿ ಬಂದ್ರೆ, ಮತ್ತೆ ಅದೇ ಆಯ್ತಲ್ಲ. ಗೂಡು ಸ್ವಲ್ಪ ದೊಡ್ಡದು, ಅಷ್ಟೇ.”

“ಹಾಗಿದ್ರೆ ಮರಗೆಲಸ ಬಿಟ್ಬಿಡಿ.”

“ಬಿಡ್ತೀನಿ ಅಂದೆ. ‘ಬಿಟ್ರೆ ದಿನವಿಡೀ ನನ್ನ ಮೇಜಿನ ಮುಂದೇ ಇರ್ತೀರಿ, ಅದು ಇನ್ನೂ ಕಷ್ಟ’ ಅಂದ್ಲು.”

ಅಕ್ಕನ ಮಾತಿನಲ್ಲಿ ನ್ಯಾಯವಿತ್ತು. ಇಬ್ಬರನ್ನೂ ಬಲ್ಲ ನನಗೆ ನಗು ಬಂತು. ಮುದುಕ ಹೆಂಡತಿಯ ಜೊತೆ ಹಗಲು ಕಳೆಯಬೇಕೆಂದು ಒದ್ದಾಡುತ್ತಿದ್ದಾನೆ, ಅದನ್ನು ನೇರವಾಗಿ ಹೇಳಲು ಬಾರದೆ ಗರಗಸದ ಕಥೆ ಹೇಳುತ್ತಿದ್ದಾನೆ. ಸರಿ, ಧೂಳು ಎಳೆಯುವ ಯಂತ್ರ ಕೂರಿಸೋಣ ಎಂದು ಇಬ್ಬರೂ ತೀರ್ಮಾನಿಸಿದೆವು. ತೀರ್ಮಾನ ಅವರದು, ಏಣಿ ಹಿಡಿಯುವ ಕೆಲಸ ನನ್ನದು.

ಈ ಯಂತ್ರದ ಗುಟ್ಟು ದೊಡ್ಡದೇನಲ್ಲ. ಒಂದು ಬ್ಲೋವರ್, ಅದಕ್ಕೆ ಎರಡು ಬಾಯಿ. ಒಂದು ಗಾಳಿ ಎಳೆಯುತ್ತದೆ, ಇನ್ನೊಂದು ಉಗುಳುತ್ತದೆ. ಎಳೆಯುವ ಬಾಯಿಗೆ ಮೊದಲು ಒಂದು ಡ್ರಮ್ಮು, ಡ್ರಮ್ಮಿನಿಂದ ಗರಗಸಕ್ಕೂ ಪ್ಲೇನರಿಗೂ ಪೈಪು. ಗಾಳಿ ಡ್ರಮ್ಮಿನೊಳಗೆ ಗಿರಗಿರನೆ ಸುತ್ತುವಾಗ ದಪ್ಪ ಹೊಟ್ಟು ತಳಕ್ಕೆ ಬೀಳುತ್ತದೆ. ಉಳಿದ ನುಣ್ಣನೆಯ ಧೂಳು ಉಗುಳುವ ಬಾಯಿಗೆ ಕಟ್ಟಿದ ಬಟ್ಟೆಯ ಚೀಲದಲ್ಲಿ ಸಿಕ್ಕಿಬೀಳುತ್ತದೆ. ಡ್ರಮ್ಮು ಹಿಂದೆ ಬಣ್ಣ ತುಂಬಿದ್ದದ್ದು, ಪೈಪು ಮನೆಯ ಬಚ್ಚಲಿಗೆ ಹಾಕುವಂಥದ್ದು. ಚೀಲವನ್ನು ಮಾತ್ರ ದಪ್ಪ ಬಟ್ಟೆಯಲ್ಲಿ ಅಕ್ಕನೇ ಹೊಲಿದು ಕೊಟ್ಟಳು.

ನನಗೆ ಅದೇ ಆಶ್ಚರ್ಯ. ಮನೆ ಬಿಟ್ಟು ಹೋಗುತ್ತೇನೆ ಎಂದವಳು ಚೀಲಕ್ಕೆ ಎರಡೆರಡು ಹೊಲಿಗೆ ಹಾಕಿ, ಬಾಯಿಗೆ ಲಾಡಿ ಬೇರೆ ಇಟ್ಟಿದ್ದಳು.

“ರೂಮಿಗೆ ಹೋಗೋಳು ಇಷ್ಟು ಗಟ್ಟಿಯಾಗಿ ಯಾಕಕ್ಕ ಹೊಲೀತಿದ್ದೀಯ?” ಎಂದು ಕೇಳಿದೆ.

“ನಾನು ಹೊಲಿದಿದ್ದು ಬಿಚ್ಚಿಹೋದ್ರೆ ನನಗೇ ಅವಮಾನ. ನೀನು ಸುಮ್ನೆ ಏಣಿ ಹಿಡ್ಕೋ,” ಎಂದಳು.

ಪೈಪು ಜೋಡಿಸುವಾಗ ಭಾವನ ಮಾತಿಗೆ ಎಣೆಯೇ ಇರಲಿಲ್ಲ. ಮೂಲೆಯಲ್ಲಿ ಪೈಪನ್ನು ಗಕ್ಕನೆ ತಿರುಗಿಸಬಾರದು, ಹೊಟ್ಟು ಅಲ್ಲೇ ಕೂತುಬಿಡುತ್ತದೆ. ಬಾಗನ್ನು ಉದ್ದವಾಗಿ ಕೊಡಬೇಕು. ಇದನ್ನು ನನಗೆ ಹೇಳಿದರು, ಬಾಗಿಲು ತೆರೆದು ಅಕ್ಕನಿಗೆ ಹೇಳಿದರು, ನೀರಿನ ಬಿಲ್ಲು ಕೊಡಲು ಬಂದವನಿಗೂ ಹೇಳಿದರು. ಎಲ್ಲ ಬಿಗಿದು, ಸಂದುಗಳಿಗೆ ನನ್ನ ಕೈಲಿ ಟೇಪು ಸುತ್ತಿಸಿ, “ನೋಡ್ತಿರು ಈಗ!” ಎಂದು ಸ್ವಿಚ್ ಒತ್ತಿದರು.

ನೋಡಿದೆ. ಊದಿಕೊಳ್ಳಬೇಕಿದ್ದ ಚೀಲ ಮುದುಡಿ ಬ್ಲೋವರ್ ಒಳಗೇ ಹೋಗಲು ಹೊರಟಿತು. ಅದೇ ಹೊತ್ತಿಗೆ ಗರಗಸದ ಮೇಜಿನ ಹೊಟ್ಟೆಯಲ್ಲಿ ಕೂತಿದ್ದ ಹಳೆಯ ಪುಡಿಯೆಲ್ಲ ಭುಸ್ಸೆಂದು ಮೇಲೆದ್ದು ನಮ್ಮಿಬ್ಬರ ಮುಖಕ್ಕೆ ರಾಚಿತು. ಎಳೆಯುವ ಬಾಯಿಗೆ ಚೀಲ, ಉಗುಳುವ ಬಾಯಿಗೆ ಪೈಪು ಕಟ್ಟಿದ್ದರು ಮಹಾನುಭಾವರು. ಸದ್ದು ನಿಂತ ಮೇಲೆ ಬಾಗಿಲು ಒಂದಿಷ್ಟೇ ತೆರೆದುಕೊಂಡಿತು. ಅಕ್ಕ ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ ಬಾಗಿಲು ಹಾಕಿಕೊಂಡಳು.

ನಾನು ಕನ್ನಡಕ ಒರೆಸುತ್ತ ಬೈದೆ. ಏನು ಬೈದೆ ಎಂದು ಇಲ್ಲಿ ಬರೆಯುವುದು ಬೇಡ, ಅವರು ನನಗಿಂತ ಹಿರಿಯರು. ಭಾವ ಮಾತ್ರ ಹುಬ್ಬಿನಿಂದ ಪುಡಿ ಉದುರಿಸಿಕೊಳ್ಳುತ್ತ, “ಶಕ್ತಿ ಇದೆ, ನೋಡಿದ್ಯಾ?” ಎಂದರು.

ಬಾಯಿ ಅದಲು ಬದಲು ಮಾಡಿದ ಮೇಲೆ ಯಂತ್ರ ನೆಟ್ಟಗಾಯಿತು. ಪೈಪಿನ ತುದಿಯಲ್ಲಿ ಗರಗಸಕ್ಕೊಂದು, ಪ್ಲೇನರಿಗೊಂದು ಬಾಯಿ; ಒಂದೊಂದಕ್ಕೂ ಜಾರುವ ಹಲಗೆಯ ಮುಚ್ಚಳ. ಒಂದು ಸಲಕ್ಕೆ ಒಂದೇ ಬಾಯಿ ತೆರೆದಿರಬೇಕು. ಎರಡೂ ತೆರೆದರೆ ಗಾಳಿ ಹಂಚಿಹೋಗಿ ಎರಡೂ ಕೆಲಸಕ್ಕೆ ಬಾರವು. ಭಾವ ಇದನ್ನು ವಿವರಿಸಿದಾಗ ಅಕ್ಕ, “ಒಂದು ಸಲಕ್ಕೆ ಒಂದೇ ಬಾಯಿ! ಈ ನಿಯಮ ಮನೆಗೂ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು,” ಎಂದಳು. ಷೆಡ್ಡಿಗೂ ಕೋಣೆಗೂ ನಡುವಿನ ಬಾಗಿಲಿಗೆ ಸುತ್ತ ರಬ್ಬರ್ ಪಟ್ಟಿ ಅಂಟಿಸಿದೆವು. ಭಾವ ಕೋಣೆಯನ್ನು ಕತ್ತಲು ಮಾಡಿ ಟಾರ್ಚ್ ಬಿಟ್ಟು ನೋಡಿದರು. ಜೀವಮಾನವಿಡೀ ಪ್ರೊಜೆಕ್ಟರಿನ ಬೆಳಕಿನಲ್ಲಿ ಧೂಳು ತೇಲುವುದನ್ನು ನೋಡಿದ ಮನುಷ್ಯ, ಆ ವಿಷಯದಲ್ಲಿ ಅವರ ಕಣ್ಣಿಗೆ ನಾನು ಕನ್ನಡಕ ಕೊಡಬೇಕಿಲ್ಲ. ಬೆಳಕಿನಲ್ಲಿ ಒಂದು ಕಣವೂ ಇರಲಿಲ್ಲ.

“ಮಾತು ಬೇಡ, ಪರೀಕ್ಷೆ ಆಗ್ಲಿ,” ಎಂದಳು ಅಕ್ಕ. ಬೆಳಿಗ್ಗೆ ತನ್ನ ಮೇಜಿನ ಒಂದು ತುದಿಗೆ ಕರಿಬಟ್ಟೆಯ ತುಂಡೊಂದನ್ನು ಹಾಸಿದಳು. ಭಾವ ಇಡೀ ದಿನ ಮನಸೋ ಇಚ್ಛೆ ಮರ ಕೊಯ್ಯಬೇಕು. ಸಂಜೆ ಬಟ್ಟೆ ಕರ್ರಗೇ ಇದ್ದರೆ ಅವಳು ಮನೆಯಲ್ಲೇ ಹೊಲಿಯುತ್ತಾಳೆ. ಬೆಳ್ಳಗಾದರೆ ಔಷಧಿ ಅಂಗಡಿಯ ಕೀಲಿ.

ಅಂಗಡಿ ಮುಚ್ಚಿ ಸಂಜೆ ಹೋದೆ. ಅಕ್ಕ ಮೇಜಿನ ಆ ತುದಿಯನ್ನು ತೋರಿಸಿದಳು. ಕರಿಬಟ್ಟೆಯ ಮೇಲೆ ಧೂಳು ಬೆಳ್ಳಗೆ ಕೂತಿತ್ತು. ಭಾವ ಮೂಲೆಯ ಕುರ್ಚಿಯಲ್ಲಿ ಕುಸಿದಿದ್ದರು.

“ಪೈಪಲ್ಲಿ ಎಲ್ಲೋ ಸೋರ್ತಿದೆ,” ಎಂದರು. “ಟೇಪು ಸುತ್ತಿದ್ದು ನೀನು.”

ಟೇಪಿನ ಮಾತು ನನ್ನ ಮೈ ಉರಿಸಿತು. ನಾನು ಸುತ್ತಿದ ಟೇಪು ನೀರನ್ನೂ ಬಿಡುವುದಿಲ್ಲ. ಅಂಗಡಿಯಲ್ಲಿ ಗಾಜಿನ ಗೀರು ಹುಡುಕುವ ಭೂತಗನ್ನಡಿ ಜೇಬಿನಲ್ಲೇ ಇತ್ತು. ತೆಗೆದು ಬಟ್ಟೆಯ ಮೇಲೆ ಬಗ್ಗಿದೆ. ಗಾಳಿಯಲ್ಲಿ ಬಂದ ಧೂಳಾದರೆ ಎಲ್ಲ ಕಡೆ ಒಂದೇ ಸಮ ಕೂತಿರಬೇಕು. ಇಲ್ಲಿ ಹಾಗಿರಲಿಲ್ಲ. ಬಟ್ಟೆಯ ಅಂಚಿನಲ್ಲಿ ಎರಡು ದಟ್ಟ ಪಟ್ಟೆಗಳು, ಮೊಣಕೈಯಿಂದ ಮಣಿಕಟ್ಟಿನವರೆಗಿನ ಅಳತೆಯವು. ಎರಡರ ನಡುವೆ, ತುಸು ಮುಂದೆ, ಉದುರಿಸಿದಂಥ ಒಂದು ಚಿಕ್ಕ ರಾಶಿ. ಪಕ್ಕದಲ್ಲಿ ಟೀ ಲೋಟದ ದುಂಡನೆಯ ಗುರುತು.

“ಭಾವ, ಇಲ್ಲಿ ಬನ್ನಿ. ಇದರ ಮೇಲೆ ಕೈ ಊರಿ ನಿಂತ್ಕೊಳ್ಳಿ.”

ಊರಿದರು. ಎರಡು ಪಟ್ಟೆಗೂ ಎರಡು ಕೈ ಸರಿಯಾಗಿ ಕೂತವು. ಮೀಸೆ ಆ ಚಿಕ್ಕ ರಾಶಿಯ ನೇರ ಮೇಲಿತ್ತು, ಅದರಿಂದ ಮತ್ತೂ ನಾಲ್ಕು ಕಣ ಉದುರಿದವು.

“ಬೆಳಿಗ್ಗೆಯಿಂದ ಎಷ್ಟು ಸಲ ಒಳಗೆ ಬಂದ್ರಿ?”

ಭಾವ ಛಾವಣಿ ನೋಡಿದರು. ಅಕ್ಕ ಉತ್ತರ ಕೊಟ್ಟಳು. “ಹೋದ ಹೆಜ್ಜೆಗೆ ತಿರುಗಿ ಬರ್ತಿದ್ರು. ‘ಧೂಳು ಬಂತಾ, ಧೂಳು ಬಂತಾ’ ಅಂತ ಕೇಳೋಕೆ.”

ನಾನು ನಕ್ಕೆ ನೋಡಿ, ಕಣ್ಣಲ್ಲಿ ನೀರು ಬರುವಷ್ಟು. ಡ್ರಮ್ಮು, ಚೀಲ, ಪೈಪು, ರಬ್ಬರ್ ಪಟ್ಟಿ, ಎಲ್ಲ ತಮ್ಮ ಕೆಲಸ ಸರಿಯಾಗಿ ಮಾಡಿದ್ದವು. ಧೂಳು ಇಲ್ಲವೆಂದು ತೋರಿಸಲು ಬಂದ ಮನುಷ್ಯನೇ ಮೀಸೆಯಲ್ಲಿ, ತೋಳಲ್ಲಿ, ಜೇಬಲ್ಲಿ ಧೂಳು ಹೊತ್ತು ತಂದು ಹೆಂಡತಿಯ ಮುಂದೆ ಸುರಿದಿದ್ದ. ಅಕ್ಕನೂ ನಗುತ್ತಾಳೆಂದುಕೊಂಡೆ. ಅವಳು ನಗಲಿಲ್ಲ, ಭಾವನೂ ನಗಲಿಲ್ಲ.

“ಹಾಗಾದ್ರೆ ನಾನೇ ಧೂಳು,” ಎಂದರು ಭಾವ. “ಆಯ್ತು. ನಾಳೆಯಿಂದ ಒಳಗೆ ಬರಲ್ಲ. ಕೆಲಸ ಮುಗಿಸಿ, ಹಿತ್ತಲ ಕಡೆ ಸ್ನಾನ ಮಾಡ್ಕೊಂಡು ಸಂಜೆ ಬರ್ತೀನಿ. ಇನ್ನೊಂದು ದಿನ ಪರೀಕ್ಷೆ ಮಾಡು.”

ಹೀಗೆ ಎರಡನೆಯ ಪರೀಕ್ಷೆ ನಡೆಯಿತು. ಅಂದು ನಾನು ಅಂಗಡಿಗೆ ಬಾಗಿಲು ಹಾಕಿ ಮಧ್ಯಾಹ್ನವೇ ಹೋಗಿ ಅಕ್ಕನ ಮುಂದೆ ಕೂತೆ; ತಮಾಷೆ ತಪ್ಪಿಸಿಕೊಳ್ಳುವ ಜಾಯಮಾನ ನನ್ನದಲ್ಲ. ಗೋಡೆಯಾಚೆ ಗರಗಸ ಹಾಡುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅಕ್ಕನ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೆ ನಿಲ್ಲುತ್ತಿತ್ತು. ಬಾಗಿಲ ಕಡೆ ನೋಡುತ್ತಿದ್ದಳು. ಬಾಗಿಲು ತೆರೆಯುತ್ತಿರಲಿಲ್ಲ. ಮತ್ತೆ ತುಳಿಯುತ್ತಿದ್ದಳು. ಟೀ ಮಾಡಿ ಎರಡು ಲೋಟಕ್ಕೆ ಬಗ್ಗಿಸಿ, ನೆನಪಾಗಿ, ಒಂದನ್ನು ನನಗೆ ತಳ್ಳಿದಳು. ನಾನು ಎರಡು ಮಾತಾಡಿಸಿದ್ದಕ್ಕೆ, “ನೀನು ಮಾತಾಡಿದ್ರೆ ಕೆಲಸ ಕೆಡತ್ತೆ,” ಎಂದು ಗದರಿದಳು. ಸಂಜೆಯ ಹೊತ್ತಿಗೆ ಕೋಟನ್ನು ಎತ್ತಿ ಹಿಡಿದು ನೋಡಿದಾಗ ಕೆಲಸ ಆಗಲೇ ಕೆಟ್ಟಿತ್ತು. ಬಲಗಡೆಗೆ ಎಡ ತೋಳು, ಎಡಗಡೆಗೆ ಬಲ ತೋಳು. ಕೈಯಲ್ಲಿ ಸೂಜಿ ಹಿಡಿದ ದಿನದಿಂದ ಅಕ್ಕ ಹೀಗೆ ಮಾಡಿದ್ದು ನಾನು ಕಂಡಿಲ್ಲ.

ಭಾವ ಸ್ನಾನ ಮಾಡಿ, ಒದ್ದೆ ತಲೆ ಬಾಚಿಕೊಂಡು, ನೆಂಟರ ಮನೆಗೆ ಬಂದವರ ಹಾಗೆ ಮುಂಬಾಗಿಲಿಂದ ಬಂದರು. ಕರಿಬಟ್ಟೆ ಕರ್ರಗಿತ್ತು. ಭೂತಗನ್ನಡಿ ಹಿಡಿದು ನಾನೇ ನೋಡಿ ತೀರ್ಪು ಕೊಟ್ಟೆ.

“ಗೆದ್ದೆನಲ್ಲ,” ಎಂದರು ಭಾವ. ಗೆದ್ದವನ ದನಿ ಅದಾಗಿರಲಿಲ್ಲ.

ಅಕ್ಕ ಹೊಲಿದ ತೋಳನ್ನು ಬಿಚ್ಚುತ್ತ ಕೂತಿದ್ದಳು. ದನಿ ತಗ್ಗಿಸಿ ಹೇಳಿದಳು, “ಧೂಳಿಲ್ಲ, ಸರಿ. ಆದ್ರೆ ಹೀಗೆ ದಿನವಿಡೀ ಒಬ್ಳೇ ಕೂತಿರೋದಾದ್ರೆ ಆ ರೂಮಿಗೇ ಹೋಗ್ಬಹುದಿತ್ತಲ್ಲ. ಇಷ್ಟೆಲ್ಲ ಪೈಪು ಯಾಕೆ ಬೇಕಿತ್ತು?”

“ತಲೆ ತಿನ್ಬೇಡಿ ಅಂದೋಳು ನೀನೇ,” ಎಂದರು ಭಾವ.

“ಅಂದೆ. ಬರ್ಲೇಬೇಡಿ ಅಂದ್ನಾ?” ಅಕ್ಕನ ಕಣ್ಣು ತುಂಬಿತ್ತು, ಸಿಟ್ಟಿನಿಂದಲೇ ಇರಬೇಕು. ಎದ್ದು ನಡುವಿನ ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದಳು, ಕೋಟಿನ ಗುಂಡಿಗೆ ಗುರುತು ಹಾಕುವಷ್ಟೇ ಸಲೀಸಾಗಿ. “ಆ ಯಂತ್ರಕ್ಕೆ ಇನ್ನೊಂದು ಬಾಯಿ ಹಾಕಿ. ಇಲ್ಲಿ. ಬಗ್ಗೋ ಪೈಪು ಕೊಡಿ, ನನ್ನ ಕೈಗೆ ಸಿಗೋ ಹಾಗೆ.”

ಮರುದಿನ ಗೋಡೆಗೆ ತೂತು ಕೊರೆದದ್ದು ನಾನು. ಏಣಿ ಹಿಡಿಯುವ ಕೆಲಸದಿಂದ ಬಡ್ತಿ ಸಿಕ್ಕಿತ್ತು. ಔಷಧಿ ಅಂಗಡಿಯವರಿಗೆ ರೂಮು ಬೇಡವೆಂದು ಹೇಳಿಬರಲು ಕಳಿಸಿದ್ದೂ ನನ್ನನ್ನೇ. ಅವರು, “ಯಾಕೆ, ಧೂಳು ನಿಂತ್ಹೋಯ್ತಾ?” ಎಂದು ಕೇಳಿದರು. ಇಲ್ಲ, ಇನ್ನು ಮೇಲೆ ದಿನಾ ಬಾಗಿಲಲ್ಲೇ ಹಿಡಿದು ಹಾಕುತ್ತೇವೆ ಎಂದೆ.

ಈಗ ಆ ಮನೆಗೆ ಹೋದರೆ ಈ ದೃಶ್ಯ ಕಾಣಸಿಗುತ್ತದೆ. ಗರಗಸ ನಿಲ್ಲುತ್ತದೆ. ಬಾಗಿಲು ತೆರೆಯುತ್ತದೆ. ಭಾವ ಹೊಸ್ತಿಲ ಮೇಲೆ ಎರಡೂ ಕೈ ಅಗಲಿಸಿ, ಅಳತೆ ಕೊಡಲು ನಿಂತ ವಕೀಲನ ಹಾಗೆ ನಿಲ್ಲುತ್ತಾರೆ. ಉಳಿದೆರಡು ಬಾಯಿ ಮುಚ್ಚಿದ್ದೀರಾ ಎಂದು ಅಕ್ಕ ಕೇಳುತ್ತಾಳೆ, ಮೂರನೆಯದರ ಮುಚ್ಚಳ ಎಳೆಯುತ್ತಾಳೆ. ಮೊದಲು ತೋಳು, ಆಮೇಲೆ ಕಾಲರು, ಜೇಬು, ಕತ್ತು. ಒಮ್ಮೆ ಜೇಬಿನ ಕರವಸ್ತ್ರ ಡ್ರಮ್ಮಿನ ಪಾಲಾಗಿದೆ. ಮೀಸೆಯ ಬಳಿ ಪೈಪು ಬಂದಾಗ ಭಾವನ ಮೇಲ್ದುಟಿಯೇ ಎದ್ದು ನಿಲ್ಲುತ್ತದೆ. ನಾನು ನಕ್ಕರೆ ಇಬ್ಬರೂ ಸೇರಿ ನನ್ನನ್ನು ಬೈಯುತ್ತಾರೆ. ಇಷ್ಟೆಲ್ಲ ಆಗಿ ಒಳಗೆ ಬಂದು ಅವರು ಹೇಳುವುದು ಏನು? ಪಕ್ಕದ ಮನೆಯ ಬೆಕ್ಕು ಇವತ್ತೂ ಗೋಡೆಯ ಮೇಲೆ ಕೂತಿದೆ ಎಂದು.

ಮೊನ್ನೆ ಹೋದಾಗಲೂ ಅದೇ ನಡೆಯುತ್ತಿತ್ತು. ಅಕ್ಕ ಎಲ್ಲ ಮುಗಿಸಿ ಮುಚ್ಚಳಕ್ಕೆ ಕೈ ಹಾಕಿದ್ದಳು. ಭಾವ ಕಣ್ಣು ಮುಚ್ಚಿಕೊಂಡೇ ನಿಂತಿದ್ದರು, ಕೈ ಇಳಿಸಿರಲಿಲ್ಲ.

“ಇನ್ನೊಂದ್ನಿಮಿಷ,” ಎಂದರು. “ಈ ಕಿವಿ ಹಿಂದೆ ಇನ್ನೂ ಸ್ವಲ್ಪ ಇದೆ.”

ಆ ಕಿವಿಯ ಹಿಂದೆ ಏನೂ ಇರಲಿಲ್ಲ; ಕಣ್ಣಿನ ವ್ಯಾಪಾರ ಮಾಡುವವನು ನಾನು, ಇದ್ದಿದ್ದರೆ ನನಗೆ ಕಾಣುತ್ತಿತ್ತು. ಅಕ್ಕನೂ ಬಗ್ಗಿ ನೋಡಿದಳು. ನೋಡಿ, “ಹೌದು, ಇದೆ,” ಎಂದು ಪೈಪನ್ನು ಮತ್ತೆ ಕೈಗೆತ್ತಿಕೊಂಡಳು.